ಸಾಕ್ಷಿ ಮೇಷ್ಟ್ರ ತುಂಬುತೋಳಿನ ಅಂಗಿ

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತಿನ ಮುಂದೆ ನಿಂತು ನಿವೃತ್ತರಾದ ಇವರಿಗೆ ‘ಸಾಕ್ಷಿ ಮೇಷ್ಟ್ರು’ ಎಂದು ಹೆಸರಿಟ್ಟವರು ಪೇಟೆಂಟ್ ವಕೀಲರು. ಕೋರ್ಟಿನಲ್ಲಿ ಲೋಹ ಕತ್ತರಿಸುವ ಯಾವ ಹೊಸ ಟೂಲನ್ನು ಮುಂದಿಟ್ಟರೂ ಮೇಷ್ಟ್ರು ಒಂದು ಕಣ್ಣು ಮುಚ್ಚಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದರಲ್ಲೇನಿದೆ ಸ್ವಾಮಿ, ಯಾರಿಗಾದ್ರೂ ಹೊಳೆಯುತ್ತೆ” ಎನ್ನುತ್ತಾರೆ. ಯಾರಿಗಾದರೂ ಹೊಳೆಯುವಂಥದ್ದಕ್ಕೆ ಪೇಟೆಂಟಿಲ್ಲ; ಅಲ್ಲಿಗೆ ಕಂಡುಹಿಡಿದವರ ಶ್ರಮವೆಲ್ಲ ನೀರಲ್ಲಿ ಮಾಡಿದ ಹೋಮ. ಮನೆಯಲ್ಲೂ ಕೊಡೆಯ ಗುಂಡಿಯಿಂದ ಸೇಫ್ಟಿ ಪಿನ್ನಿನವರೆಗೆ ಅದೇ ತೀರ್ಪು. ಕನ್ನಡಕ ಹಣೆಯ ಮೇಲೇ ಇದೆ ಎಂಬುದೊಂದು ಮಾತ್ರ ಅವರಿಗೆ ಎಂದೂ ತಾನಾಗಿ ಹೊಳೆದದ್ದಿಲ್ಲ. ಹೋದ ವರ್ಷ ಫಿಟ್ಟರ್ ಹೆಂಗಸೊಬ್ಬಳ ಟೂಲು ಬಂತು. ಕಡೆಯುವಾಗ ಏಳುವ ಲೋಹದ ಬಿಸಿ ಸುರುಳಿ ಉದ್ದಕ್ಕೆ ಬೆಳೆದು ಕೈ ಸೀಳದೆ ತುಂಡಾಗಿ ಉದುರಲೆಂದು ಅದರ ಅಂಚಿನಲ್ಲಿ ಒಂದು ಓರೆ ಗೀರು. ಮೇಷ್ಟ್ರು ಎಂದಿನ ಮಾತು ಹೇಳಿದರು, ಆಕೆ ಸೋತಳು. ಸಂಜೆ ಅವರು ಕೈತೊಳೆಯುವಾಗ ಟವೆಲ್ ಹಿಡಿದು ನಿಂತ ಹೆಂಡತಿ, ಅವರ ಮುಂಗೈಯ ಹಳೇ ಗಾಯದ ಗೆರೆಗಳನ್ನು ನೋಡಿ, “ಇವೆಲ್ಲ ಆ ಸುರುಳಿ ಕುಯ್ದಿದ್ದಲ್ವಾ? ಮೂವತ್ತು ವರ್ಷ ನಿಮಗ್ಯಾಕ್ರೀ ಹೊಳೀಲಿಲ್ಲ?” ಎಂದರು. ಈಗಲೂ ವಕೀಲರು ಕರೆದರೆ ಮೇಷ್ಟ್ರು ಹೋಗುತ್ತಾರೆ, ಅದೇ ಮಾತು ಹೇಳುತ್ತಾರೆ. ಆದರೆ ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಹಾಕಿಕೊಂಡಿರುತ್ತಾರೆ. ಜಡ್ಜರು ಪ್ರತಿಸಲ, “ಸ್ವಲ್ಪ ಜೋರಾಗಿ ಹೇಳಿ” ಎನ್ನಬೇಕಾಗುತ್ತದೆ.