ನೀರ ಮೇಲೆ ಹಾರುವ ಹಲಗೆ ಕೊಂಡದ್ದು

ಲೋಹದ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು. ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಮೆಷೀನ್ ಶಾಪ್ ನಡೆಸುತ್ತಿದ್ದೇನೆ. ಅಲ್ಯೂಮಿನಿಯಂ ತುಂಡೊಂದನ್ನು ಕೈಗೆ ಕೊಟ್ಟರೆ ಅದು ಯಾವ ದರ್ಜೆಯದೆಂದು ಹೇಳುತ್ತೇನೆ, ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತದೆ. ಹತ್ತನೆಯ ಸಲ ತುಂಡಿನದೇ ತಪ್ಪು. ಹಾಗಾಗಿ ನನ್ನ ಹೆಂಡತಿ ತನ್ನ ನಲವತ್ತಾರನೆಯ ವಯಸ್ಸಿನಲ್ಲಿ, ನೀರಿನ ಮೇಲೆ ಹಾರುವ ಬ್ಯಾಟರಿ ಹಲಗೆಯೊಂದು ಬೇಕು ಎಂದಾಗ, ಆರಿಸುವ ಕೆಲಸ ನನ್ನದು ಎಂದು ನಾನೇ ಘೋಷಿಸಿಬಿಟ್ಟೆ. ನನಗೆ ಈಜು ಬರುವುದಿಲ್ಲ. ಅದೊಂದು ಅಡ್ಡಿಯೆಂದು ಆಗ ಅನ್ನಿಸಲಿಲ್ಲ.

ಅವಳು ಮಾದನಾಯಕನಹಳ್ಳಿಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟದ ತಪಾಸಣೆ ಮಾಡುತ್ತಾಳೆ. ನಾನು ಮಾಡುವವನು, ಅವಳು ರಿಜೆಕ್ಟ್ ಮಾಡುವವಳು. ಮನೆಯಲ್ಲೂ ಇದೇ ಏರ್ಪಾಟು. ಬೆನ್ನುನೋವಿಗೆಂದು ವೈದ್ಯರು ಈಜಲು ಹೇಳಿದ್ದರು. ಬೆನ್ನು ಸರಿಹೋಯಿತು, ಈಜು ಮಾತ್ರ ನಿಲ್ಲಲಿಲ್ಲ. ಒಮ್ಮೆ ರಜೆಗೆ ಕಡಲತೀರಕ್ಕೆ ಹೋದಾಗ ಬಾಡಿಗೆ ಹಲಗೆಯ ಮೇಲೆ ಎರಡು ದಿನ ಕಲಿತಳು. ಎರಡನೆಯ ದಿನ ಹತ್ತು ಸೆಕೆಂಡು ಹಾರಿದಳು. ದಡಕ್ಕೆ ಬಂದಾಗ ಅವಳ ಮುಖದಲ್ಲಿದ್ದ ಸಂತೋಷ ನಮ್ಮ ಮದುವೆಯ ಆಲ್ಬಮ್ಮಿನಲ್ಲೂ ಇಲ್ಲ. ಅದನ್ನು ಮತ್ತೆ ನೋಡಬೇಕೆಂಬ ಆಸೆ ನನಗೂ ಇತ್ತು.

ಯಂತ್ರ ಅರ್ಥವಾಗಲು ನನಗೆ ಒಂದು ಸಂಜೆ ಸಾಕಾಯಿತು. ಹಲಗೆಯ ಅಡಿಯಲ್ಲಿ ಒಂದು ಕಂಬ. ಅದು ನೀರಿನೊಳಗೆ ಇಳಿದಿರುತ್ತದೆ. ಕಂಬದ ತುದಿಯಲ್ಲಿ ವಿಮಾನಕ್ಕಿರುವಂತೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಚಿಕ್ಕದು. ಅಲ್ಲೇ ಮೋಟಾರು, ಅದರ ಫ್ಯಾನು. ಬ್ಯಾಟರಿ ಹಲಗೆಯ ಹೊಟ್ಟೆಯಲ್ಲಿ. ಕೈಯಲ್ಲಿ ಹಿಡಿದ ರಿಮೋಟಿನಲ್ಲಿ ಬಂದೂಕಿನ ಕುದುರೆಯಂಥ ಗುಂಡಿಯನ್ನು ಒತ್ತಿದರೆ ಮೋಟಾರು ತಳ್ಳುತ್ತದೆ, ವೇಗ ಬಂದಂತೆ ರೆಕ್ಕೆ ಎತ್ತುತ್ತದೆ, ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಇಷ್ಟೇ.

ಹೊಸದು ಬೇಡ, ಬಳಸಿದ್ದನ್ನೇ ನೋಡೋಣ ಎಂದು ಮೊದಲು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಹೋದೆವು. ಮಾರುವಾತ ಪಾರ್ಕಿಂಗಿನಲ್ಲಿ ಹಲಗೆಯನ್ನು ಮಲಗಿಸಿ, "ಸಾರ್, ಸ್ಪೀಡ್ ಸಕ್ಕತ್ತಾಗಿದೆ, ಬ್ಯಾಟರಿನೂ ಸೂಪರ್," ಎಂದು ಶುರುಮಾಡಿದ. ನಾನು ಬಾಯಿ ಮುಚ್ಚಿಕೊಂಡು ಕಂಬದ ಸ್ಕ್ರೂ ಬಿಚ್ಚತೊಡಗಿದೆ. ಎರಡು ಬಿಚ್ಚಿಕೊಂಡವು, ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ಬಿಚ್ಚಿದ ತೂತುಗಳಲ್ಲಿ ಬಿಳಿ ಪುಡಿ. ಸ್ಟೀಲ್ ಸ್ಕ್ರೂ, ಅಲ್ಯೂಮಿನಿಯಂ ಕಂಬ, ನಡುವೆ ಉಪ್ಪುನೀರು ನಿಂತರೆ ಕಂಬ ಒಳಗೊಳಗೇ ಕರಗುತ್ತದೆ. ಸಮುದ್ರದಲ್ಲಿ ಓಡಿಸಿ ಸಿಹಿನೀರಿನಲ್ಲಿ ತೊಳೆಯದೆ ಇಟ್ಟಿದ್ದ ಹಲಗೆ ಅದು. "ಬರ್ತೀವಿ ಸಾರ್," ಎಂದು ಹೇಳಿ ಬಂದುಬಿಟ್ಟೆವು. ಕಾರಿನಲ್ಲಿ ಹೆಂಡತಿ, "ಪರವಾಗಿಲ್ಲ ಕಣ್ರೀ," ಎಂದಳು. ರಿಜೆಕ್ಟ್ ಮಾಡುವ ಖುಷಿ ಏನೆಂದು ನನಗೆ ಅವತ್ತು ಗೊತ್ತಾಯಿತು.

ಎರಡನೆಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಿಕ್ಕಿತು. ಸಿಹಿನೀರಿನಲ್ಲಷ್ಟೇ ಓಡಿದ್ದು, ಸ್ಕ್ರೂಗಳಿಗೆ ಗ್ರೀಸು ಹಾಕಿಟ್ಟಿದ್ದರು. ಅದರ ಜೊತೆ ಮುಂದಿನ ರೆಕ್ಕೆ ಎರಡು ಇದ್ದವು. ದೊಡ್ಡದು ಅಗಲವಾಗಿ ದಡ್ಡನಂತಿತ್ತು. ಚಿಕ್ಕದರ ಅಂಚು, ನುಣುಪು, ಕೆಲಸಗಾರಿಕೆ ನೋಡಿ ನಾನು ಮನಸೋತೆ. ಅದನ್ನೇ ಹಾಕೋಣ ಎಂದೆ.

"ಓಡಿಸೋದು ಯಾರು?" ಎಂದಳು ಅವಳು. "ಚಿಕ್ಕ ರೆಕ್ಕೆ ಎತ್ತಬೇಕಂದ್ರೆ ಸ್ಪೀಡ್ ಬೇಕು. ಸ್ಪೀಡಲ್ಲಿ ಬಿದ್ರೆ ನೀರೂ ಸಿಮೆಂಟೇ ಕಣ್ರೀ. ದೊಡ್ಡದು ನಿಧಾನಕ್ಕೇ ಎತ್ತುತ್ತೆ. ನಾನಿನ್ನೂ ಕಲೀತಾ ಇರೋಳು."

ಅವಳ ಮಾತು ಸರಿಯಾಗಿತ್ತು. ದೊಡ್ಡ ರೆಕ್ಕೆಯನ್ನೇ ಹಾಕಿದೆ. ಕಂಬ ಗಿಡ್ಡದಾಗಿದ್ದದ್ದೂ ಒಳ್ಳೆಯದೇ, ಬಿದ್ದರೆ ಕಡಿಮೆ ಎತ್ತರದಿಂದ ಬೀಳುತ್ತಾಳೆ. ಹಲಗೆ ದಪ್ಪ, ಅಗಲ; ನಿಂತಲ್ಲೇ ಅವಳ ಭಾರ ತೇಲಿಸುತ್ತದೆ. ಬ್ಯಾಟರಿಯಂತೂ ನೀರು ತುಂಬಿದ ಕೊಡದಷ್ಟು ಭಾರ; ಒಳಗೆ ನೀರು ನುಗ್ಗದಂತೆ ತಡೆಯುವ ಅದರ ರಬ್ಬರ್ ರಿಂಗನ್ನು ನಾನೇ ಬದಲಾಯಿಸಿದೆ. ಇಷ್ಟು ನೋಡಿ ಕೊಳ್ಳುವವರು ಊರಿನಲ್ಲಿ ಎಷ್ಟು ಜನ ಇದ್ದಾರು ಎಂದು ಬೀಗುತ್ತಿದ್ದೆ.

ಮೋಟಾರನ್ನು ನಮ್ಮ ಶಾಪಿನಲ್ಲೇ, ನೀರು ತುಂಬಿದ ನೀಲಿ ಡ್ರಮ್ಮಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡಿದೆ. ಈ ಹಲಗೆಗೆ ಒಂದು ಕೀಲಿಯಿದೆ, ಅಯಸ್ಕಾಂತದ್ದು. ಹಲಗೆಯ ಮೇಲೆ ಅದು ಕೂತಿದ್ದರಷ್ಟೇ ಮೋಟಾರು ತಿರುಗುತ್ತದೆ. ಅದಕ್ಕೆ ಕಟ್ಟಿದ ದಾರದ ಇನ್ನೊಂದು ತುದಿ ಸವಾರಿ ಮಾಡುವವರ ಕಾಲಿಗೆ. ಬಿದ್ದರೆ ದಾರ ಎಳೆದು ಕೀಲಿ ಕಳಚುತ್ತದೆ, ಮೋಟಾರು ನಿಲ್ಲುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಅದು ಮಾತುಮಾತಿಗೂ ಜಾರಿ ಬೀಳುತ್ತಿತ್ತು. ಶಾಪಿನ ಬಿಡಿಭಾಗಗಳ ತಟ್ಟೆಯಲ್ಲಿದ್ದ ತೆಳ್ಳಗಿನ ಅಯಸ್ಕಾಂತವೊಂದನ್ನು ತೆಗೆದು ಕೀಲಿಯ ಪಕ್ಕ, ರಬ್ಬರಿನ ಅಂಚಿನಡಿ ತೂರಿಸಿದೆ. ಮೋಟಾರು ಒಂದು ಗಂಟೆ ಒಂದೇ ಸಮನೆ ಓಡಿತು. ಒರೆಸಿ, ಚೀಲಕ್ಕೆ ಹಾಕಿ, ಜಿಪ್ ಎಳೆದೆ.

ಭಾನುವಾರ ಬೆಳಿಗ್ಗೆ, ಊರಾಚೆಯ ಜಲಾಶಯವೊಂದರ ದೋಣಿ ಕೇಂದ್ರದಲ್ಲಿ ಅನುಮತಿ ಪಡೆದು ಹಲಗೆಯನ್ನು ನೀರಿಗೆ ಇಳಿಸಿದೆವು. ಹೆಲ್ಮೆಟ್ಟು, ಜಾಕೆಟ್ಟು, ಕಾಲಿಗೆ ದಾರ, ಎಲ್ಲ ಸರಿಯಾಗಿತ್ತು. ಮೂರನೆಯ ಪ್ರಯತ್ನಕ್ಕೆ ಅವಳು ಎದ್ದು ನಿಂತಳು, ಹಲಗೆ ನೀರು ಬಿಟ್ಟಿತು. ನಾನು ದಡದಲ್ಲಿ ಚಪ್ಪಾಳೆ ಹೊಡೆದೆ. ಅಷ್ಟರಲ್ಲಿ ವಾಲಿ ಬಿದ್ದಳು.

ಬೀಳುವಾಗ ಗಾಬರಿಯಲ್ಲಿ ಅವಳ ಬೆರಳು ರಿಮೋಟನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದಿತ್ತು. ಕೀಲಿ ಕಳಚಿತು. ಮೋಟಾರು ಮಾತ್ರ ನಿಲ್ಲಲಿಲ್ಲ. ಹಲಗೆ ಅಡ್ಡಲಾಗಿ ಮಗುಚಿ, ಫ್ಯಾನು ಅರ್ಧ ನೀರಿನಾಚೆ ಕಿರುಚುತ್ತಾ, ಸುತ್ತು ಹೊಡೆದು ಅವಳ ಕಾಲಿನ ಕಡೆಗೇ ಬಂತು. ನಾನು ಮಂಡಿಯುದ್ದ ನೀರಿನಲ್ಲಿ ನಿಂತು "ಬಿಡೇ, ಕೈ ಬಿಡೇ!" ಎಂದು ಅರಚಿದೆ. ಅದಕ್ಕಿಂತ ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಅವಳು ಎರಡೂ ಕಾಲನ್ನು ಹೊಟ್ಟೆಗೆ ಸೆಳೆದುಕೊಂಡು ರಿಮೋಟ್ ಬಿಟ್ಟಳು. ಫ್ಯಾನು ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅಷ್ಟು ಹೆದರಿಕೆಯನ್ನು ನಾನು ಜೀವಮಾನದಲ್ಲಿ ಪಟ್ಟಿರಲಿಲ್ಲ.

ದಡಕ್ಕೆ ಬಂದವಳು ಬೈಯಲಿಲ್ಲ. ತುಂಡೊಂದನ್ನು ತಪಾಸಣೆ ಮಾಡುವಂತೆ ಹಲಗೆಯ ಮೇಲೆಲ್ಲ ಬೆರಳಾಡಿಸಿ, ರಬ್ಬರಿನ ಅಂಚನ್ನು ಉಗುರಿನಿಂದ ಎತ್ತಿದಳು.

"ಇದೇನು?"

"ನಾನೇ ಇಟ್ಟಿದ್ದು. ಟೆಸ್ಟಿಂಗಿಗೆ. ತೆಗೆಯೋದು ಮರ್ತೋಯ್ತು."

"ಇದನ್ನ ಇಡಬೇಕು ಅಂತ ನಿಮಗೆ ಹೊಳೆದಿದ್ದಾದ್ರೂ ಹೇಗೆ?"

ಹೊಳೆಯುವ ಪ್ರಶ್ನೆಯೇ ಇರಲಿಲ್ಲ, ಅದು ಕೈಗೆ ಅಂಟಿದ ಅಭ್ಯಾಸ. ನಮ್ಮ ಮೆಷೀನುಗಳ ಬಾಗಿಲು ತೆರೆದರೆ ಒಳಗೆ ತಿರುಗುತ್ತಿರುವುದು ನಿಲ್ಲಬೇಕು. ಕಂಪನಿಯವರು ಅದಕ್ಕೊಂದು ಸೆನ್ಸರ್ ಇಟ್ಟಿರುತ್ತಾರೆ. ಪ್ರತಿ ಸಲ ನಿಂತರೆ ಕೆಲಸ ಸಾಗುವುದಿಲ್ಲವೆಂದು ನಾವು ಅದರ ಮೇಲೊಂದು ಅಯಸ್ಕಾಂತ ಅಂಟಿಸುತ್ತೇವೆ. ಬಾಗಿಲು ಮುಚ್ಚಿದೆ ಎಂದುಕೊಂಡು ಮೆಷೀನು ಓಡುತ್ತಲೇ ಇರುತ್ತದೆ. ನನಗೆ ಗೊತ್ತಿರುವ ಶಾಪುಗಳಲ್ಲೆಲ್ಲ ಇದೇ ರೂಢಿ. ಇದನ್ನು ಅವಳಿಗೆ ಹೇಳಿದೆ.

"ಎಷ್ಟು ಮೆಷೀನಿಗಿದೆ?"

"ಆರಕ್ಕೂ."

ಅವಳು ಆ ಅಯಸ್ಕಾಂತವನ್ನು ಕಿತ್ತು ನನ್ನ ಕೈಗಿಟ್ಟಳು. ಕೀಲಿ ಕೂರಿಸಿ, ಮೋಟಾರು ಓಡಿಸಿ, ದಾರ ಎಳೆದಳು. ನಿಂತಿತು. ಮೂರು ಸಲ ಹಾಗೆ ಮಾಡಿ ನೋಡಿ, ಮತ್ತೆ ನೀರಿಗಿಳಿದಳು. ಅವತ್ತು ಅವಳು ಚೆನ್ನಾಗಿಯೇ ಹಾರಿದಳು. ಒಮ್ಮೆ ದೋಣಿಕಟ್ಟೆಯಿಂದ ಆಚೆ ದಿಬ್ಬದವರೆಗೂ ಬೀಳದೆ ಹೋದಳು. ಹಲಗೆ, ಕಂಬ, ರೆಕ್ಕೆ, ಬ್ಯಾಟರಿ ಯಾವುದರಲ್ಲೂ ಕುಂದಿರಲಿಲ್ಲ. ನನ್ನ ಕಣ್ಣು ಮಾತ್ರ ಅವಳ ಕಾಲಿನ ದಾರವನ್ನು ಬಿಟ್ಟು ಕದಲಲಿಲ್ಲ.

ಸೋಮವಾರ ಶಿಫ್ಟು ಶುರುವಾಗುವ ಮೊದಲೇ ಹೋಗಿ ಒಂದೊಂದೇ ಬಾಗಿಲಿನಿಂದ ಅಯಸ್ಕಾಂತ ಕೀಳತೊಡಗಿದೆ. ನಾಲ್ಕನೆಯ ಮೆಷೀನಿನ ಹತ್ತಿರ ಅದರ ಆಪರೇಟರ್ ಆಗಲೇ ಬಂದು ನಿಂತಿದ್ದ. ಬಾಗಲಕೋಟೆ ಕಡೆಯವನು, ಚಿಕ್ಕಬಾಣಾವರದಲ್ಲಿ ಸಂಸಾರ, ನನ್ನಲ್ಲಿ ಒಂಬತ್ತು ವರ್ಷದ ಕೆಲಸ. ಇನ್ನು ಮೇಲೆ ಬಾಗಿಲು ಮುಚ್ಚಿಯೇ ಓಡಿಸಬೇಕು, ಕೆಲಸ ನಿಧಾನವಾದರೂ ಆಗಲಿ, ಕೈ ಮುಖ್ಯ ಎಂದು ಅವನಿಗೆ ಬುದ್ಧಿ ಹೇಳಿದೆ.

ಅವನು ತಲೆಯಾಡಿಸಿದ. "ಆತ್ರಿ ಸರ. ನಾ ಹೊಸದಾಗಿ ಬಂದಾಗ ಬಾಗಲಾ ಮುಚ್ಚೇ ನಡಸ್ತಿದ್ದೆ," ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನೀವ ಬಂದು ಇದನ್ನ ಹಚ್ಚಿದ್ರಿ. ಕೈಗೆ ಏನರ ಆದ್ರ ಹೆಂಗ್ರಿ ಅಂತ ಕೇಳಿದ್ದೆ. ಏನೂ ಆಗಲ್ಲ, ನಡಿ ಅಂದಿದ್ರಿ."

ಹೌದು, ಅಂದಿದ್ದೆ.