ಓಡಾಟದ ದುಡ್ಡು

ದಳ್ಳಾಳಿಗೆ ಮೊದಲೇ ದುಡ್ಡು ಕೊಡುವ ಪದ್ಧತಿ ನಮ್ಮ ಹೊಳೆನರಸೀಪುರದಲ್ಲಿ ಇರಲಿಲ್ಲ. ಶುರು ಮಾಡಿದವನು ನಾನೇ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಕಾಲು ಸವೆಸಿ ಜಮೀನು ತೋರಿಸುತ್ತಿದ್ದೆ. ಕೊಳ್ಳುವವನೂ ಮಾರುವವನೂ ನನ್ನ ಬೆನ್ನ ಹಿಂದೆ ಒಂದಾಗಿ ಕ್ರಯಪತ್ರ ಬರೆಸಿಕೊಳ್ಳುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮಲ್ಲಿಪಟ್ಟಣದ ಸಾಹುಕಾರನೊಬ್ಬ ಹಾಗೆ ಮಾಡಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಐದು ರೂಪಾಯಿ ಜಗಲಿಯ ಮೇಲೆ ಇಟ್ಟರೆ ಮಾತ್ರ ಹೆಜ್ಜೆ ಎತ್ತುತ್ತಿದ್ದೆ. ಜಮೀನು ಸಿಗಲಿ ಬಿಡಲಿ, ಅದು ವಾಪಸಿಲ್ಲ. ಓಡಾಟದ ದುಡ್ಡು ಎಂದು ಹೆಸರಿಟ್ಟೆ. ಜನ ಬೈದುಕೊಂಡೇ ಕೊಟ್ಟರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಹಳ್ಳಿಮೈಸೂರಿನಿಂದ ಒಬ್ಬ ಬಂದ. ಊರಾಚೆಯ ಕೇರಿಯವನು, ದಂಡಿನಲ್ಲಿದ್ದು ಬಂದಿದ್ದ. ಅವನ ಕಡೆಯವರೆಲ್ಲ ನನ್ನನ್ನು 'ಬುದ್ಧಿ' ಅನ್ನುತ್ತಿದ್ದರು. ಇವನು 'ಸಾ' ಅಂದ. ಸುಳ್ಳೇಕೆ ಹೇಳಲಿ, ಮೊದಲು ಚುಚ್ಚಿದ್ದು ಅದೇ.

"ಒಂದೆಕ್ರೆ ಆದ್ರೂ ಸಾಕು ಸಾ," ಅಂದ. "ನಮ್ಮವ್ವ ಬುದ್ಧಿ ಬಂದಾಗಿಂದ ಕಂಡೋರ ಒಲದಲ್ಲೇ ಕಳೆ ಕಿತ್ತವ್ಳೆ. ಅವ್ಳು ಕಣ್ಮುಚ್ಚೋದ್ರೊಳಗೆ ನಮ್ದು ಅನ್ನೋ ಮಣ್ಣಲ್ಲಿ ಒಂದ್ಸಲ ನಿಲ್ಲುಸ್ಬೇಕು."

ಯಾರ ಹೊಲ ಎಂದು ನಾನು ಕೇಳಲಿಲ್ಲ. ಅವನು ದುಡ್ಡನ್ನು ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದು ನಿಂತ. ಕೇರಿಯವನಿಗೆ ಜಮೀನು ಯಾರು ಕೊಡುತ್ತಾರೆ ಎಂದು ಒಳಗೊಳಗೇ ನಗುತ್ತ ತೆಗೆದುಕೊಂಡೆ.

ಅವನಿಗಾಗಿ ನಾನು ಒಂದು ಹೆಜ್ಜೆಯೂ ನಡೆಯಲಿಲ್ಲ. ತಿಂಗಳಿಗೊಮ್ಮೆ ಬಂದು ಕೇಳುತ್ತಿದ್ದ. ನುಗ್ಗೇಹಳ್ಳಿಗೂ ಹೋಗಿ ಬಂದೆ, ಯಾರೂ ಒಪ್ಪಲಿಲ್ಲ ಎಂದು ಜಗಲಿಯಲ್ಲಿ ಕೂತೇ ಹೇಳುತ್ತಿದ್ದೆ. "ನಮ್ಮಿಂದ ನಿಮ್ಗೆ ಸುಮ್ಕೆ ತೊಂದ್ರೆ ಸಾ," ಎಂದು ಅವನೇ ನೊಂದುಕೊಳ್ಳುತ್ತಿದ್ದ.

ಆಗ ಅವನ ಊರಿನ ಒಬ್ಬ ಮುದುಕಿ ನನ್ನನ್ನು ಕರೆಸಿದರು. ಗಂಡನಿಲ್ಲ, ಮಕ್ಕಳಿಲ್ಲ, ಒಂದೂವರೆ ಎಕರೆ ಹೊಲ ಮಾರಬೇಕು, ದಾಯಾದಿಗಳ ಕಿವಿಗೆ ಬೀಳಬಾರದು ಎಂದರು. ದಂಡಿನವನು ನೆನಪಾದ. ಕೇರಿಯವನಿಗೆ ಕೊಡುತ್ತೀರಾ ಎಂದು ಮುದುಕಿಯನ್ನು ಕೇಳಿ ಬೈಸಿಕೊಳ್ಳುವುದೇಕೆ ಎಂದು ಸುಮ್ಮನಾದೆ. ಅರಕಲಗೂಡಿನ ವ್ಯಾಪಾರಿಯೊಬ್ಬನಿಗೆ ಕೊಡಿಸಿದೆ. ರಿಜಿಸ್ಟರ್ ಮುಗಿಸಿ ಮುದುಕಿಯನ್ನು ಗಾಡಿಯಲ್ಲಿ ಊರಿಗೆ ಬಿಡಲು ಹೊರಟಾಗ ಹೊತ್ತು ಹೋಗಲೆಂದು ತಮಾಷೆ ಮಾಡಿದೆ.

"ನಿಮ್ಮೂರ ಕೇರಿಯವ್ನು, ದಂಡಿಂದ ಬಂದವ್ನಲ್ಲ, ಅವ್ನೂ ಜಮೀನು ಕೇಳ್ತಾವ್ನೆ ಕಣಮ್ಮ. ಕಾಲ ಕೆಟ್ಟೋಯ್ತು!"

ಮುದುಕಿ ನಗಲಿಲ್ಲ.

"ಅವನವ್ವ ಕಳೆ ಕೀಳ್ತಿದ್ದಿದ್ದು ನಮ್ಮೊಲದಲ್ಲೇ ಕಣಪ್ಪ. ನಾನು ಮದ್ವೆಯಾಗಿ ಬಂದಾಗಿಂದ ನೋಡಿವ್ನಿ. ಒಂದ್ಮಾತು ಅಂದಿದ್ರೆ ಅವ್ಳಿಗೇ ಬರ್ಕೊಡ್ತಿದ್ನಲ್ಲ. ಯಾಕೆ ಕೇಳ್ಲಿಲ್ಲ ನೀನು?"

ಊರು ಬರುವ ತನಕ ಅವರು ನನ್ನ ಮುಖ ನೋಡಲಿಲ್ಲ. ಆ ಹೊಲದ ಪಕ್ಕದಲ್ಲೇ ಗಾಡಿ ಹೋಯಿತು. ಹೆಂಗಸರು ಬಗ್ಗಿ ಕಳೆ ಕೀಳುತ್ತಿದ್ದರು. ಅವರಲ್ಲಿ ಯಾರು ಅವನ ತಾಯಿ ಎಂದು ನನಗೆ ಗೊತ್ತಿರಲಿಲ್ಲ.

ಮುಂದಿನ ವಾರವೇ ಅವನು ಬಂದ.

"ಅವ್ವ ಗೇಯ್ತಿದ್ದ ಒಲ ಮಾರಾಟ ಆಗೋಯ್ತಂತೆ ಸಾ. ನಮಗೆ ಅಂತ ಕೇಳಿದ್ರಾ?"

"ಕೇಳ್ದೆ ಕಣ್ಲಾ. ನಿಮ್ಮೋರಿಗೆ ಕೊಡಲ್ಲ ಅಂದ್ಬುಟ್ರು."

ಎಷ್ಟು ಸಲೀಸಾಗಿ ಹೊರಳಿತು ನಾಲಿಗೆ! ಥೂ, ನನ್ನ ಜನ್ಮಕ್ಕಿಷ್ಟು.

"ಅವ್ವ ಆ ಅಮ್ಮಾರ್ನ ದೇವ್ರು ಅಂತಿದ್ಲು. ಅವ್ರು ಇಂಗಂದ್ರು ಅಂತ ಅವ್ಳಿಗೆ ಏಳಕ್ಕೋಗಲ್ಲ ಬುಡಿ," ಅಂದ. ಆಮೇಲೆ ಜೇಬಿನಿಂದ ಇನ್ನೈದು ರೂಪಾಯಿ ತೆಗೆದು ಜಗಲಿಯ ಅಂಚಿನಲ್ಲಿಟ್ಟ.

"ನಮಗೋಸ್ಕರ ಬೋ ಓಡಾಡಿದ್ರಿ. ಇನ್ನೊಂದ್ ದಪ ನೋಡಿ ಸಾ."

ಬೇಡ ಅನ್ನಬೇಕಿತ್ತು. ಬೇಡ ಅಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ತೆಗೆದುಕೊಂಡೆ.