ಖಾಲಿ ಗಾಡಿ ಓಡಿಸಬಾರದು

ನನಗೊಂದು ಚಟವಿದೆ. ಬೀಡಿಯಲ್ಲ, ಎಲೆಯಡಿಕೆಯೂ ಅಲ್ಲ. ಯಾರದಾದರೂ ಗಾಡಿ ನಿಂತಲ್ಲೇ ಸುಮ್ಮನೆ ಗುರುಗುರು ಎನ್ನುತ್ತಿದ್ದರೆ ಹೋಗಿ ಕಿಟಕಿ ತಟ್ಟಿ, “ಆಫ್ ಮಾಡಿ ಮಾರಾಯ್ರೆ” ಎಂದು ಹೇಳಿಬಿಡುವುದು. ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಇದಕ್ಕಾಗಿ ಬೈಸಿಕೊಂಡೂ ಇದ್ದೇನೆ. “ಡೀಸೆಲ್ ಎಂತ ನಿಮ್ಮಪ್ಪಂದಾ?” ಎಂದು ಒಬ್ಬ ಕಾರಿನವ ಕೇಳಿದ. ನನ್ನಪ್ಪನದಲ್ಲ, ನಿಜ. ಆದರೆ ಅವನಪ್ಪನದೂ ಅಲ್ಲವಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು. ಒಳ್ಳೆಯ ಉತ್ತರಗಳು ನನಗೆ ಯಾವಾಗಲೂ ಮನೆಗೆ ಬಂದು ಕೈಕಾಲು ತೊಳೆದ ಮೇಲೆಯೇ ಹೊಳೆಯುವುದು.

ನನ್ನದೊಂದು ಪಿಕಪ್ ಗಾಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿಗೆ ಕ್ಲೀನರಾಗಿ ಹತ್ತಿದವನು, ದುಡಿದು ಸ್ವಂತ ಗಾಡಿಯ ಸ್ಟೇರಿಂಗ್ ಹಿಡಿದಿದ್ದೇನೆ. ಆ ಬಗ್ಗೆ ಸ್ವಲ್ಪ ಜಂಬವೂ ಇದೆ, ಇರಲಿ ಬಿಡಿ. ಲಾರಿಯ ಡ್ರೈವರ್ ಸಾಯ್ಬರು ಕಲಿಸಿದ ಮೊದಲ ಪಾಠವೇ “ಖಾಲಿ ಗಾಡಿ ಓಡಿಸ್ಬೇಡ” ಎಂಬುದು. ತೀರ್ಥಹಳ್ಳಿಗೆ ಹೆಂಚು ಹೊತ್ತು ಹೋದರೆ ಬರುವಾಗ ಹಿಂಡಿಯನ್ನೋ ಸಿಮೆಂಟನ್ನೋ ಹೊತ್ತು ಬರಬೇಕು. ಸಿಗದಿದ್ದರೆ ಕಾಯಬೇಕು. ನಾನು ಎಷ್ಟೋ ಸಲ ಸಾಗರದ ಪೇಟೆಯ ಬದಿಯ ಮರದ ನೆರಳಲ್ಲಿ ಊಟದ ಹೊತ್ತು ದಾಟುವವರೆಗೂ ಕಾದಿದ್ದೇನೆ. ಬೇರೆ ಡ್ರೈವರುಗಳು ಹಾರ್ನ್ ಹೊಡೆದು ನಗುತ್ತಾ ಹೋಗುತ್ತಾರೆ. ಹೋಗಲಿ.

ಈ ಉಳಿತಾಯದ ಬುದ್ಧಿ ಸಾಯ್ಬರಿಂದ ಮಾತ್ರ ಬಂದದ್ದಲ್ಲ. ನನ್ನ ಅವ್ವ ಊಟ ಮುಗಿಯುತ್ತಲೇ ಸೀಮೆಎಣ್ಣೆ ಬುಡ್ಡಿಯನ್ನು ಉಫ್ ಎಂದು ಆರಿಸಿಬಿಡುತ್ತಿದ್ದಳು. ನಾವು ಮಕ್ಕಳು ಗೊಣಗಿದರೆ, “ಉಣ್ಣಕ್ಕೆ ದೀಪ ಬೇಕು, ಮಾತಾಡಕ್ಕೆ ಎಂತಕ್ಕೆ?” ಎನ್ನುತ್ತಿದ್ದಳು. ನಾನು ಕೇಳಿದ ಒಳ್ಳೆಯ ಕಥೆಗಳೆಲ್ಲ ಕತ್ತಲೆಯಲ್ಲಿ ಕೇಳಿದವು.

ಎಣ್ಣೆ ಎಲ್ಲಿಂದ ಬರುತ್ತದೆ ಎಂದು ತಿಳಿದದ್ದು ಬಹಳ ತಡವಾಗಿ. ವರ್ಗವಾದ ಒಬ್ಬ ಮೇಷ್ಟ್ರ ಮನೆಸಾಮಾನು ಸಾಗಿಸುವಾಗ ಅವರು ಪಕ್ಕದಲ್ಲಿ ಕೂತು ಹೇಳಿದರು. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿದ್ದ, ಕಣ್ಣಿಗೂ ಕಾಣದಂಥ ಸಣ್ಣ ಜೀವಗಳು ಸತ್ತು, ತಳ ಸೇರಿ, ಮಣ್ಣಿನಡಿ ಒತ್ತಿ, ಬೆಂದು ಎಣ್ಣೆಯಾದವಂತೆ. ಈಗ ಅದು ಕಮ್ಮಿಯಾಗುತ್ತಾ ಬಂದಿದೆಯಂತೆ.

“ಮುಗಿದ್ರೆ ಮತ್ತೆ ಆಗದೇ ಇಲ್ವಾ ಸಾರ್?” ಎಂದೆ.

“ಆಗತ್ತೆ. ನೀವು ಅಷ್ಟು ವರ್ಷ ಕಾಯ್ಬೇಕು.”

ಕಾಯುವುದರಲ್ಲಿ ನಾನು ಗಟ್ಟಿಗನೇ. ಆದರೂ ಅಷ್ಟು ಕಾಯುವುದು ನನ್ನಿಂದಲೂ ಆಗದು. ಅವತ್ತಿನಿಂದ ಬಂಕಿನಲ್ಲಿ ಪೈಪು ಟ್ಯಾಂಕಿಗಿಟ್ಟಾಗಲೆಲ್ಲ ಆ ಸಣ್ಣ ಜೀವಗಳ ನೆನಪಾಗುತ್ತದೆ. ಅಷ್ಟು ಕಾಲ ಮಣ್ಣಿನಡಿ ಮಲಗಿದ್ದವನ್ನು ಎಬ್ಬಿಸಿ ಒಂದು ಬೆಂಕಿಪೊಟ್ಟಣ ತರಲು ಓಡಿಸುವುದೆಂದರೆ ಏನೋ ಸಂಕೋಚ.

ಇಷ್ಟು ದೊಡ್ಡ ನೀತಿಯೊಂದು ಮನೆಯಲ್ಲಿದ್ದರೆ ಅದರ ಭಾರ ಬೀಳುವುದು ಹೆಂಡತಿಯ ಮೇಲೆ. ಗಿರಿಜಳ ಅಕ್ಕ ಸುಶೀಲಕ್ಕ ಇದ್ದದ್ದು ಕಾರ್ಗಲ್ಲಿನಲ್ಲಿ, ಗಂಡನಿಗೆ ಅಲ್ಲಿನ ಪವರ್‌ಹೌಸಿನ ಕೆಲಸದಲ್ಲಿ ಸಿಕ್ಕ ಕ್ವಾಟ್ರಸ್ಸಿನಲ್ಲಿ. ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಗಿರಿಜ ಹೇಳಿದಳು, “ಭಾವಂಗೆ ರಿಟೈರ್ ಆಯ್ತಲ್ರಿ. ಮನೆ ಖಾಲಿ ಮಾಡಿ ದಾವಣಗೆರೆಗೆ ಹೋಗ್ತಾರಂತೆ, ಮಗಳ ಹತ್ರ. ಹೋಗೋದ್ರೊಳಗೆ ಒಂದ್ಸಲ ಅಕ್ಕನ್ನ ನೋಡ್ಬೇಕು.”

“ಆ ಕಡೆ ಲೋಡು ಬಿದ್ದ ಕೂಡ್ಲೆ ಹೋಗಣ” ಎಂದೆ.

ಅವಳಿಗೆ ಬಸ್ಸು ಆಗದು. ನಿಂಬೆಹಣ್ಣು ಮೂಸುತ್ತಾ ಕೂತರೂ ಬಟ್ಟೆಮಲ್ಲಪ್ಪ ಎಂಬ ಊರು ದಾಟುವಷ್ಟರಲ್ಲಿ ವಾಂತಿ. ಮೊಣಕಾಲು ಬೇರೆ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಹಾಗಾಗಿ ಅವಳು ನನ್ನ ಲೋಡಿಗೆ ಕಾದಳು. ಲೋಡು ತೀರ್ಥಹಳ್ಳಿಗೆ ಬಿತ್ತು, ಸಾಗರಕ್ಕೆ ಬಿತ್ತು, ಮತ್ತೆ ತೀರ್ಥಹಳ್ಳಿಗೇ ಬಿತ್ತು. ಕಾರ್ಗಲ್ಲಿಗೆ ಮಾತ್ರ ಯಾರಿಗೂ ಒಂದು ಚೀಲ ಹಿಂಡಿಯೂ ಬೇಡವಾಗಿತ್ತು.

ಒಂದು ಸಂಜೆ ಸುಶೀಲಕ್ಕನ ಫೋನು ಬಂತು. ಲಾರಿಗೆ ಹೇಳಿ ಆಗಿದೆ, ಬರುವ ಸೋಮವಾರ ಹೊರಡುವುದು. ಗಿರಿಜ ಫೋನು ಇಟ್ಟು ಒಲೆಯ ಕಡೆ ತಿರುಗಿದಳು. ಯಾವಾಗಿನಂತೆ ಅನ್ನ ಮುಕ್ಕಾಲು ಬೆಂದಾಗಲೇ ಗ್ಯಾಸ್ ಆರಿಸಿ ಪಾತ್ರೆಯ ಬಾಯಿ ಮುಚ್ಚಿದಳು. ಉಳಿದದ್ದು ಅದರ ಕಾವಿಗೇ ಬೇಯುತ್ತದೆ. ಇದನ್ನು ಅವಳು ನನ್ನಿಂದ ಕಲಿತಳೆಂದು ನಾನೂ, ತಾನೇ ನನಗೆ ಕಲಿಸಿದ್ದೆಂದು ಅವಳೂ ಹೇಳಿಕೊಳ್ಳುವುದುಂಟು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು, “ನಾನು ಎಷ್ಟು ಕೇಜಿ ಇದ್ರೆ ಲೋಡು ಅಂತೀರಿ?”

ಅವತ್ತು ನಾನು ಮನೆಯಲ್ಲೇ ಇದ್ದೆ, ಕೈಕಾಲು ತೊಳೆದೂ ಆಗಿತ್ತು. ಆದರೂ ಉತ್ತರ ಹೊಳೆಯಲಿಲ್ಲ. ಎದ್ದು ಹೋಗಿ ಗಾಡಿಯ ಟೈರು ಒತ್ತಿ ನೋಡಿ ಬಂದು, “ಬೆಳಿಗ್ಗೆ ಬೇಗ ಹೊರಡಣ” ಎಂದೆ.

ಖಾಲಿ ಪಿಕಪ್ಪು ಓಡಿಸಿದವರಿಗೆ ಗೊತ್ತು, ಅದು ಕರುವಿನ ಹಾಗೆ ಹಿಂಗಾಲು ಕುಣಿಸುತ್ತದೆ. ಹಿಂದಿನ ಬಾಗಿಲು ದಾರಿಯುದ್ದಕ್ಕೂ ಲೊಡಲೊಡ ಎಂದು ನನ್ನ ಮಾನ ಕಳೆಯುತ್ತಿತ್ತು. ಬಟ್ಟೆಮಲ್ಲಪ್ಪದಲ್ಲಿ ಚಾ ಕುಡಿಯುತ್ತಿದ್ದ ಡ್ರೈವರ್ ಗಣಪ ಕೂಗಿದ, “ಎಂತ ಮಾರಾಯಾ, ನೀನೂ ಖಾಲಿ ಹೊಂಟ್ಯಾ?”

ಗಿರಿಜ ಕಿಟಕಿಯಿಂದ ತಲೆ ಹೊರಹಾಕಿದಳು. “ಖಾಲಿ ಅಂದ್ರೆ? ನಾನು ಕಾಣಾದಿಲ್ವಾ ನಿಂಗೆ?” ಅವಳಿಗೆ ಒಳ್ಳೆಯ ಉತ್ತರಗಳು ಅಲ್ಲಲ್ಲೇ ಹೊಳೆಯುತ್ತವೆ. ಅಂದು ವಾಂತಿಯೂ ಆಗಲಿಲ್ಲ.

ನಾವು ಕಾರ್ಗಲ್ಲು ಮುಟ್ಟಿದಾಗ, ಕರೆಂಟು ಹುಟ್ಟುವ ಆ ಊರಿನಲ್ಲೇ ಕರೆಂಟು ಹೋಗಿತ್ತು. ಕಟ್ಟಿಟ್ಟ ಗಂಟುಮೂಟೆಗಳ ನಡುವೆ, ಮಬ್ಬು ಕೋಣೆಯಲ್ಲಿ ಅಕ್ಕತಂಗಿಯರು ಕೂತು ಮಾತಾಡಿದರು. ನಡುವೆ ಕರೆಂಟು ಬಂತು, ಇಬ್ಬರಿಗೂ ಗೊತ್ತಾಗಲಿಲ್ಲ. ಅವ್ವನ ಬುಡ್ಡಿದೀಪ ನೆನಪಾಗಿ ನಾನೇ ಎದ್ದು ಸ್ವಿಚ್ಚು ಆರಿಸಿದೆ.

ಹೊರಡುವಾಗ ಸುಶೀಲಕ್ಕ ಅಂಗಳಕ್ಕೆ ಕರೆದಳು. ಬಣ್ಣದ ಡಬ್ಬಿ, ಒಡೆದ ಬಕೇಟು, ತೂತು ಬಿದ್ದ ಕೊಡ, ಎಲ್ಲದರಲ್ಲೂ ಡೇರೆ ಗಿಡ. ಕೆಂಪು, ಹಳದಿ, ಬಿಳಿ ಹೂ ಬಿಟ್ಟು ನಿಂತಿದ್ದವು. “ಲಾರಿಯವ್ನು ಇವನ್ನ ಹಾಕಳ್ಳಲ್ಲ ಅಂದ. ಅಲ್ಲಿ ಮಾಳಿಗೆ ಮನೆ, ಇವು ಸಾಯ್ತವೆ. ನಿಮ್ಮನೇಲಿ ಬದುಕಿದ್ರೆ ನಂಗಷ್ಟೇ ಸಾಕು” ಎಂದಳು. ಕಣ್ಣು ಮಾತ್ರ ಗಿಡಗಳ ಮೇಲೆ ಇರಲಿಲ್ಲ, ತಂಗಿಯ ಮೇಲಿತ್ತು.

ಡೇರೆಯ ದಂಟು ಟೊಳ್ಳು. ಜೋರು ಗಾಳಿಗೇ ಮುರಿಯುವಂಥದ್ದು. ಸಿಮೆಂಟು ಹೊತ್ತು ಬೆಳೆದ ನನ್ನ ಗಾಡಿ ಅಷ್ಟು ಹಗುರದ, ಅಷ್ಟು ಭಯದ ಲೋಡು ಎಂದೂ ಹೊತ್ತಿರಲಿಲ್ಲ. ತಿರುವು ದೂರದಲ್ಲಿ ಕಂಡಾಗಲೇ ಆಕ್ಸಿಲೇಟರಿನಿಂದ ಕಾಲು ಎತ್ತಿದೆ. ಬ್ರೇಕು ಒತ್ತಬೇಕಾದೀತೆಂದು ವೇಗವನ್ನೇ ಹೆಚ್ಚಿಸಲಿಲ್ಲ. ಬೈಕುಗಳು ದಾಟಿದವು, ಬಸ್ಸುಗಳು ದಾಟಿದವು, ಸಾಗರದಲ್ಲಿ ಒಂದು ಎತ್ತಿನಗಾಡಿಯೂ ದಾಟುವ ಹವಣಿಕೆಯಲ್ಲಿತ್ತು. ಗಿರಿಜ ಹಿಂದಿನ ಗಾಜಿಗೆ ಮುಖವಿಟ್ಟು ಕೂತು ಆಗಾಗ “ಮೆಲ್ಲ” ಎನ್ನುತ್ತಿದ್ದಳು.

ಮನೆ ಮುಟ್ಟಿ ನೋಡಿದರೆ ಡೀಸೆಲ್ಲಿನ ಮುಳ್ಳು ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಕೆಟ್ಟಿರಬೇಕೆಂದು ಬೆರಳಿನಿಂದ ತಟ್ಟಿದೆ. ಮರುದಿನ ಬಂಕಿನಲ್ಲಿ ತುಂಬಿಸಿದಾಗ ಮುಳ್ಳಿನ ಮಾತೇ ಸರಿಯಾಯಿತು. ಇಷ್ಟು ವರ್ಷ ಮರದಡಿ ಕಾದು ಕಾದು ಉಳಿಸಿದ್ದನ್ನು, ಲೋಡು ಸಿಕ್ಕ ಕೂಡಲೇ ಹೋದ ಹೊತ್ತನ್ನು ಹಿಡಿಯಲು ಜೋರಾಗಿ ಓಡಿಸಿ ನಾನೇ ಸುಟ್ಟಿದ್ದೆ. ಸಾಯ್ಬರ ಪಾಠ ಸುಳ್ಳಲ್ಲ, ಅರ್ಧ ಪಾಠ ಅಷ್ಟೇ. ಉಳಿದರ್ಧ ಗಿರಿಜಳ ಒಂದು “ಮೆಲ್ಲ”ದಲ್ಲಿತ್ತು.

ಅವಳು ಮಾತ್ರ ಮನೆ ಮುಟ್ಟಿದ ಕೂಡಲೇ ಫೋನು ಹಿಡಿದಿದ್ದಳು. “ಒಂದು ಮೊಗ್ಗೂ ಉದುರಿಲ್ಲ ಕಣೆ ಅಕ್ಕಾ.”

ಈಗ ನಾನು ಹೆಂಚು ಹೊತ್ತರೂ ಡೇರೆ ಹೊತ್ತ ಹಾಗೆಯೇ ಓಡಿಸುತ್ತೇನೆ. ಕಿಟಕಿ ತಟ್ಟುವ ಚಟ ಬಿಟ್ಟಿಲ್ಲ, ಹೇಳುವ ಮಾತು ಬದಲಾಗಿದೆ. ಮೊನ್ನೆ ಬಸ್‌ಸ್ಟ್ಯಾಂಡಿನ ಹತ್ತಿರ ಅದೇ ಕಾರಿನವ ಮತ್ತೆ ಎಂಜಿನ್ ಬಿಟ್ಟುಕೊಂಡು ನಿಂತಿದ್ದ. ತಟ್ಟಿದೆ. “ಹಿಂದೆ ಡೇರೆ ಗಿಡ ಇಟ್ಕಂಡಿದೀರಿ ಅಂತ ತಿಳ್ಕಂಡು ಮೆಲ್ಲ ಓಡ್ಸಿ” ಎಂದೆ.

ಅವನಿಗೆ ಕೇಳಿಸಲಿಲ್ಲ. ಎಂಜಿನ್ ಆಫ್ ಮಾಡಿ, “ಎಂತ ಅಂದ್ರಿ?” ಎಂದು ಕೇಳಿದ.

“ಎಂತ ಇಲ್ಲ, ಆಯ್ತು” ಎಂದು ಬಂದೆ.